ಸೊಂಟದ ಕೀಲು ನೋವು: ಸಣ್ಣ ಗಾಯದ ಆಪರೇಷನ್ ಯಾರಿಗೆ, ಯಾವಾಗ, ಹೇಗೆ

ಅಣ್ಣನಿಗೆ ನೋವು ಶುರುವಾಗಿದ್ದು ಮಂಡಿಯಲ್ಲಿ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ, ಏಳುವಾಗ ಎಡಗಾಲು ಹಿಡಿದುಕೊಳ್ಳುತ್ತಿತ್ತು. ಮಂಡಿಗೆ ಮುಲಾಮು ಹಚ್ಚಿದ. ಮಂಡಿಗೆ ಪಟ್ಟಿ ಹಾಕಿಕೊಂಡ. ಮಂಡಿಯದೇ ಎಕ್ಸ್‌ರೇ ತೆಗೆಸಿದ, ಅದು ಚೆನ್ನಾಗಿಯೇ ಇತ್ತು. ಐದು ತಿಂಗಳು ಹೀಗೇ ಹೋಯಿತು. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಮೂಳೆ ಡಾಕ್ಟರು ಅವನನ್ನು ಅಂಗಾತ ಮಲಗಿಸಿ, ಮಂಡಿ ಮಡಚಿ, ತೊಡೆಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು. ಅಣ್ಣ ಮಂಚದ ಅಂಚು ಹಿಡಿದುಕೊಂಡು ಹಲ್ಲು ಕಚ್ಚಿದ. "ನೋವಿರೋದು ಮಂಡೀಲಲ್ಲ ಕಣ್ರೀ, ಮೇಲಿನ ಕೀಲಲ್ಲಿ" ಅಂದರು ಡಾಕ್ಟರು.

ಎಡಗಡೆಯ ಸೊಂಟದ ಕೀಲಿನ ಗುಂಡು, ಅಂದರೆ ತೊಡೆಮೂಳೆಯ ದುಂಡನೆಯ ತುದಿ, ರಕ್ತ ಹೋಗದೆ ಅಷ್ಟರಲ್ಲಿ ಕುಸಿದಿತ್ತು. ಬಲಗಡೆಯದಕ್ಕೆ ಅದೇ ಕಾಯಿಲೆ ಆಗಷ್ಟೇ ಶುರುವಾಗಿತ್ತು, ಅಲ್ಲಿ ನೋವೇ ಇರಲಿಲ್ಲ. ಹಾಗಾಗಿ ಒಬ್ಬನೇ ಮನುಷ್ಯನಿಗೆ ಎರಡು ಬೇರೆ ಬೇರೆ ಆಪರೇಷನ್ ಆಯಿತು. ಎರಡೂ ಸಣ್ಣ ಗಾಯದವೇ. ಆ ಓಡಾಟದಲ್ಲಿ ನಾನು ಕಲಿತಿದ್ದನ್ನೆಲ್ಲ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿಕೊಂಡು ಹೋದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ನಿಮಗೆ ಗೊತ್ತಿರುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕೇಳುವುದು "ಗಾಯ ಎಷ್ಟುದ್ದ?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಕೀಲಿನೊಳಗೆ ಏನು ಹಾಳಾಗಿದೆ, ಎಷ್ಟು ಹಾಳಾಗಿದೆ?" ಅಂತ. ಯಾವ ಆಪರೇಷನ್ ಅನ್ನೋದು ಆ ಉತ್ತರದ ಮೇಲೆ ನಿಂತಿದೆ.

1. ನೋವು ಎಲ್ಲಿದೆ ಅಂತ ಕೈಯಿಟ್ಟು ತೋರಿಸಿ

ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ಬೆನ್ನಿನ ಕೆಳಭಾಗ ನೋವಾದರೂ "ಸೊಂಟ ನೋವು" ಅಂತೀವಿ, ಕಾಲು ಸೇರುವ ಕೀಲು ನೋವಾದರೂ "ಸೊಂಟ ನೋವು" ಅಂತೀವಿ. ಬಾಯಲ್ಲಿ ಹೇಳಿದರೆ ಡಾಕ್ಟರಿಗೂ ಗೊಂದಲ. ಅದಕ್ಕೇ ಕೈಯಿಟ್ಟು ತೋರಿಸಿ.

ಕೈ ತೊಡೆಸಂದಿಗೆ ಹೋದರೆ ಕೀಲಿನ ಅನುಮಾನ ಜಾಸ್ತಿ. ಕೀಲು ನೋವಿರುವವರು ಸಾಮಾನ್ಯವಾಗಿ ಸೊಂಟದ ಪಕ್ಕಕ್ಕೆ ಕೈಯನ್ನು ಕೊಕ್ಕೆಯ ಹಾಗೆ ಹಾಕಿ ತೋರಿಸುತ್ತಾರೆ, ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ. ಪಿರ್ರೆಯಿಂದ ಹೊರಟು ಮೀನಖಂಡ ದಾಟಿ ಪಾದದವರೆಗೆ ಸೆಳೆತ ಇಳಿದರೆ ಅದು ಹೆಚ್ಚಾಗಿ ಬೆನ್ನಿನ ನರದ್ದು. ಪಕ್ಕದ ಉಬ್ಬು ಮೂಳೆಯ ಮೇಲೆ ಒತ್ತಿದರೆ ನೋವು, ಆ ಮಗ್ಗುಲಿಗೆ ಮಲಗೋಕೆ ಆಗಲ್ಲ ಅಂದರೆ ಅದು ಬಹಳ ಸಲ ಅಲ್ಲಿನ ಸ್ನಾಯುವಿನ ಬುಡದ ನೋವು. ಅದಕ್ಕೆ ವ್ಯಾಯಾಮವೇ ಮೊದಲ ಔಷಧ.

ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಎರಡು ಕೀಲಿಗೂ ಹೋಗುವ ನರಗಳು ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಮಂಡಿ ನೋವು, ಆದರೆ ಮಂಡಿಯ ಎಕ್ಸ್‌ರೇ ಸರಿ ಇದೆ ಅಂದಾಗ "ಮೇಲಿನ ಕೀಲನ್ನೂ ಒಮ್ಮೆ ನೋಡಿ ಡಾಕ್ಟ್ರೇ" ಅಂತ ಕೇಳಿ. ನಾವು ಕೇಳಲಿಲ್ಲ. ಐದು ತಿಂಗಳು ಕಳೆದುಕೊಂಡೆವು.

ಮನೆಯಲ್ಲೇ ಗಮನಿಸಬಹುದಾದದ್ದು: ಕಾಲುಗುರು ಕತ್ತರಿಸೋಕೆ ಕಷ್ಟ. ಚಕ್ಕಳಮಕ್ಕಳ ಹಾಕಿದರೆ ಒಂದು ಮಂಡಿ ಮಾತ್ರ ಮೇಲೇ ನಿಲ್ಲುತ್ತದೆ. ಬೈಕಿನ ಮೇಲೆ ಕಾಲು ಹಾಕುವಾಗ ತೊಡೆಸಂದಿನಲ್ಲಿ ಚುಚ್ಚುತ್ತದೆ. ಅಣ್ಣನಿಗೆ ಈ ಮೂರೂ ಇತ್ತು. ಅವನು ವಯಸ್ಸಾಯ್ತು ಅಂದುಕೊಂಡಿದ್ದ. ಆಗ ಅವನಿಗೆ 38.

ಕಾಯಬಾರದ ಸಂದರ್ಭಗಳು ಇವು. ವಯಸ್ಸಾದವರು ಬಿದ್ದು ಕಾಲೂರಲು ಆಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿರಬಹುದು. ಜ್ವರದ ಜೊತೆ ಕೀಲು ನೋವಿದ್ದರೆ, ಮಗು ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

2. ಚಿತ್ರ ತೆಗೆಸುವಾಗ ಎರಡೂ ಕಡೆಯದ್ದು ತೆಗೆಸಿ

ಸೊಂಟದ ಕೀಲು ಅಂದರೆ ಬಟ್ಟಲಲ್ಲಿ ಕೂತ ಗುಂಡು. ತೊಡೆಮೂಳೆಯ ತುದಿಯೇ ಗುಂಡು. ಬಟ್ಟಲಿನ ಅಂಚಿಗೆ ವಾಷರ್ ಹಾಗೆ ಒಂದು ಮೆತ್ತನೆಯ ಸುತ್ತು ಇರುತ್ತದೆ, ಅದಕ್ಕೆ ಲೇಬ್ರಮ್ ಅಂತಾರೆ. ನಡುವೆ ನುಣ್ಣಗಿನ ಮೃದ್ವಸ್ಥಿ. ಮೃದ್ವಸ್ಥಿ ಸವೆದರೆ ಸಂಧಿವಾತ. ಲೇಬ್ರಮ್ ಹರಿದರೆ ಚುಚ್ಚು ನೋವು, ಕಟಕಟ ಸದ್ದು. ಗುಂಡಿಗೆ ರಕ್ತ ಹೋಗುವುದು ನಿಂತರೆ ಮೂಳೆ ಒಳಗಿಂದಲೇ ಸಾಯುತ್ತದೆ, ಅದೇ ಎವಿಎನ್. ಅಣ್ಣನಿಗೆ ಆಗಿದ್ದು ಇದು.

ಮೊದಲು ಎರಡೂ ಕೀಲು ಕಾಣುವ ಹಾಗೆ ಎಕ್ಸ್‌ರೇ. ಸವೆತ ಇದ್ದರೆ ಅದರಲ್ಲೇ ಗೊತ್ತಾಗುತ್ತದೆ. ಆದರೆ ಎವಿಎನ್ ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಎವಿಎನ್ ಬಹಳ ಜನರಿಗೆ ಎರಡೂ ಕಡೆ ಬರುತ್ತದೆ. ನೋವಿರುವ ಕಡೆಯದ್ದು ಮಾತ್ರ ತೆಗೆಸಿದ್ದರೆ ಅಣ್ಣನ ಬಲಗೀಲು ಉಳಿಯುತ್ತಿರಲಿಲ್ಲ.

ಎವಿಎನ್ ಯಾಕೆ ಬರುತ್ತದೆ ಅಂತ ಕೇಳಿದರೆ, ಹೆಚ್ಚಾಗಿ ಸಿಗುವ ಕಾರಣಗಳು ಸ್ಟಿರಾಯ್ಡ್, ಕುಡಿತ, ಕೀಲಿಗೆ ಬಿದ್ದ ಪೆಟ್ಟು. ಕುಡುಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್ ಕಾಯಿಲೆ) ಇರುವವರಿಗೂ ಬರುತ್ತದೆ. ಅಣ್ಣ 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ. ಆಗ ಕೊಟ್ಟ ಸ್ಟಿರಾಯ್ಡ್ ಅವನ ಜೀವ ಉಳಿಸಿತು, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಹೆಸರು, ವಿಳಾಸ ಇಲ್ಲದ ಪೊಟ್ಟಣಗಳಲ್ಲಿ ಮಾರುವ ಕೀಲುನೋವಿನ ಪುಡಿಗಳ ಮೇಲೆ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎರಡೇ ದಿನದಲ್ಲಿ ಮ್ಯಾಜಿಕ್ ಮಾಡಿದ ಹಾಗೆ ನೋವು ಹೋಯಿತು ಅಂದರೆ ಅನುಮಾನ ಪಡಿ. ದಯವಿಟ್ಟು.

ನಮ್ಮ ಸಾಗರದ ಕಡೆ ಇನ್ನೊಂದು ಭಯವಿದೆ. ಅಣ್ಣ ಕುಂಟುವುದನ್ನು ನೋಡಿ ಊರಿನ ಹಿರಿಯರೊಬ್ಬರು "ಹಂದಿಗೋಡು ಕಾಯಿಲೆ ಇರಬಹುದೇನೋ" ಅಂದರು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಸೊಂಟದ ಕೀಲು, ಮಂಡಿ ಎರಡನ್ನೂ ತಿನ್ನುತ್ತದೆ, ಕೆಲವರು ಕುಳ್ಳಗೇ ಉಳಿಯುತ್ತಾರೆ. ಅದು ವಂಶದಲ್ಲಿ ಇಳಿದು ಬರುವಂಥದ್ದು. ಮನೆತನದಲ್ಲಿ ಯಾರಿಗೂ ಇಲ್ಲದೆ ಒಬ್ಬರಿಗೇ ನಡುವಯಸ್ಸಿನಲ್ಲಿ ಬಂದರೆ ಬೇರೆ ಕಾರಣ ಹುಡುಕಬೇಕು.

ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ ಇರುವ ಯುವಕರಿಗೆ ರಕ್ತಪರೀಕ್ಷೆಯನ್ನೂ ಬರೆಯುತ್ತಾರೆ. ನೋವು ಬೆನ್ನಿನದ್ದೋ ಕೀಲಿನದ್ದೋ ತೀರ್ಮಾನವಾಗದಿದ್ದರೆ ಕೀಲಿನೊಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುವುದುಂಟು. ನೋವು ಆಗಲೇ ಹೋದರೆ ಕಳ್ಳ ಕೀಲಿನಲ್ಲೇ ಇದ್ದಾನೆ ಅಂತ.

3. ಆಪರೇಷನ್ ಇಲ್ಲದೆ ಆಗುತ್ತದಾ, ನೋಡಿ

ಸವೆತ ಇನ್ನೂ ಕಡಿಮೆ ಇದ್ದರೆ, ಲೇಬ್ರಮ್ ಹರಿದಿದ್ದರೆ, ಸುಮಾರು ಮೂರು ತಿಂಗಳು ಮನಸ್ಸಿಟ್ಟು ಫಿಸಿಯೊಥೆರಪಿ ಮಾಡಿ. ಪಿರ್ರೆಯ ಸ್ನಾಯು, ಹೊಟ್ಟೆಯ ಸ್ನಾಯು ಗಟ್ಟಿಯಾದರೆ ಕೀಲಿನ ಹೊರೆ ಇಳಿಯುತ್ತದೆ. ಒಂದು ಕಾಲ ಮೇಲೆ ನಿಂತಾಗ ಆ ಕೀಲಿನ ಮೇಲೆ ನಮ್ಮ ತೂಕದ ಎರಡೂವರೆ, ಮೂರು ಪಟ್ಟು ಒತ್ತಡ ಬೀಳುತ್ತದೆ. ಹಾಗಾಗಿ ನಾಲ್ಕು ಕಿಲೋ ಇಳಿಸಿದರೂ ಕೀಲಿಗೆ ಅದು ಹತ್ತು ಕಿಲೋ ಇಳಿಸಿದ ಹಾಗೆ.

ಕೋಲು ಹಿಡಿಯುವುದು ನೋವಿರುವ ಕಾಲಿನ ಎದುರು ಕೈಯಲ್ಲಿ. ಎಡಗಾಲು ನೋವಾದರೆ ಬಲಗೈಯಲ್ಲಿ ಕೋಲು. ಸಿನಿಮಾದಲ್ಲಿ ತೋರಿಸುವುದನ್ನು ನೋಡಿ ಬಹಳ ಜನ ಉಲ್ಟಾ ಹಿಡಿಯುತ್ತಾರೆ.

ಆದರೆ ಎವಿಎನ್ ಇದ್ದವರು "ಇನ್ನೊಂದಾರು ತಿಂಗಳು ನೋಡೋಣ" ಅಂತ ಕೂರಬೇಡಿ. ಅಲ್ಲಿ ಗುಂಡು ಕುಸಿಯುವ ಮೊದಲಿನ ಸಮಯವೇ ಬಂಗಾರ.

4. ಮೂರು ಬಗೆಯ ಸಣ್ಣ ಗಾಯದ ಆಪರೇಷನ್

"ಮಿನಿಮಲಿ ಇನ್ವೇಸಿವ್" ಅಂತ ಬೋರ್ಡಿನಲ್ಲಿ ಬರೆದಿರುವುದು ಒಂದೇ ಆಪರೇಷನ್ ಅಲ್ಲ. ಮೂರು ಬೇರೆ ಬೇರೆ ಕೆಲಸಗಳಿಗೆ ಒಂದೇ ಹೆಸರು.

ಮೊದಲನೆಯದು ಕೀಹೋಲ್, ಅಂದರೆ ಆರ್ತ್ರೋಸ್ಕೋಪಿ. ರೋಗಿಗೆ ಮತ್ತು ಬರಿಸಿ, ವಿಶೇಷ ಮೇಜಿನ ಮೇಲೆ ಮಲಗಿಸಿ ಕಾಲನ್ನು ಎಳೆಯುತ್ತಾರೆ. ಬಟ್ಟಲು, ಗುಂಡಿನ ನಡುವೆ ಸುಮಾರು 1 ಸೆಂ.ಮೀ. ಜಾಗ ಬಿಟ್ಟುಕೊಳ್ಳುತ್ತದೆ. ಎರಡೋ ಮೂರೋ ತೂತು, ಒಂದೊಂದೂ ಸುಮಾರು 1 ಸೆಂ.ಮೀ. ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ, ಒಳಗೆ ಉಪ್ಪುನೀರು ಹರಿಯುತ್ತಿರುತ್ತದೆ. ಹರಿದ ಲೇಬ್ರಮ್ ಹೊಲಿಯುವುದು, ಒಂದಕ್ಕೊಂದು ತಾಗುವ ಮೂಳೆಯ ಉಬ್ಬನ್ನು ಉಜ್ಜಿ ತೆಗೆಯುವುದು, ಒಳಗೆ ಉದುರಿದ ಚೂರು ತೆಗೆಯುವುದು ಇದರ ಕೆಲಸ. ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 348 ಜನರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮೂಳೆ ಉಬ್ಬಿ ತಾಗುವ ತೊಂದರೆ ಇದ್ದವರಲ್ಲಿ ಕೆಲವರಿಗೆ ಕೀಹೋಲ್, ಉಳಿದವರಿಗೆ ಚೆನ್ನಾಗಿ ರೂಪಿಸಿದ ಫಿಸಿಯೊಥೆರಪಿ. ವರ್ಷದ ಕೊನೆಗೆ ಎರಡೂ ಗುಂಪಿಗೆ ಗುಣ ಕಂಡಿತ್ತು, ಕೀಹೋಲ್ ಆದವರಿಗೆ ಸ್ವಲ್ಪ ಜಾಸ್ತಿ.

ಕೀಲು ಆಗಲೇ ಸವೆದು, ಎಕ್ಸ್‌ರೇಯಲ್ಲಿ ಕೀಲಿನ ಸಂದು 2 ಮಿ.ಮೀ.ಗಿಂತ ಕಡಿಮೆ ಆಗಿದ್ದರೆ ಕೀಹೋಲ್‌ನಿಂದ ಹೆಚ್ಚು ಉಪಯೋಗವಿಲ್ಲ. ಇದನ್ನು ಒತ್ತಿ ಹೇಳೋಕೆ ಕಾರಣವಿದೆ. ನಾವು ಹೋದ ಒಂದು ಆಸ್ಪತ್ರೆಯಲ್ಲಿ ಅಣ್ಣನ ಕುಸಿದ ಎಡಗೀಲಿಗೂ "ಕೀಹೋಲ್ ಮಾಡಿಬಿಡೋಣ, ಎರಡೇ ದಿನಕ್ಕೆ ಮನೆಗೆ ಹೋಗ್ತೀರ" ಅಂದರು. ಅತ್ತಿಗೆ ಖುಷಿಯಿಂದ ಒಪ್ಪಿಯೂ ಆಗಿತ್ತು. ಬೇರೆ ಕಡೆ ತೋರಿಸಿದಾಗ ಆ ಡಾಕ್ಟರು ಚಿತ್ರವನ್ನು ದೀಪಕ್ಕೆ ಹಿಡಿದು, ಚಪ್ಪಟೆಯಾದ ಗುಂಡಿನ ಅಂಚನ್ನು ಪೆನ್ನಿನ ತುದಿಯಲ್ಲಿ ತೋರಿಸಿದರು. "ಇಲ್ಲಿ ತೂತಿನಿಂದ ಏನನ್ನ ಸರಿಮಾಡ್ಲಿ ಹೇಳಿ? ಆರು ತಿಂಗಳಿಗೆ ಮತ್ತೆ ಕೀಲು ಬದಲಿಸೋಕೆ ಬರ್ತೀರ." ಎರಡನೇ ಅಭಿಪ್ರಾಯಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ.

ಎರಡನೆಯದು ಕೋರ್ ಡಿಕಂಪ್ರೆಷನ್. ಎವಿಎನ್ ಶುರುವಿನ ಹಂತದವರಿಗೆ, ಗುಂಡು ಇನ್ನೂ ದುಂಡಗೇ ಇರುವಾಗ. ತೊಡೆಯ ಪಕ್ಕದಲ್ಲಿ ಚಿಕ್ಕ ಗಾಯ ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ಮೂಳೆಯೊಳಗೆ ಗುಂಡಿನವರೆಗೆ ಡ್ರಿಲ್ ಮಾಡುತ್ತಾರೆ. ಒಳಗಿನ ಒತ್ತಡ ಇಳಿಯುತ್ತದೆ, ಹೊಸ ರಕ್ತನಾಳ ಬರಲು ದಾರಿಯಾಗುತ್ತದೆ. ಆ ದಾರಿಗೆ ಕೆಲವರು ಸೊಂಟದ ಮೂಳೆಯಿಂದ ತೆಗೆದ ಮಜ್ಜೆ ಅಥವಾ ಮೂಳೆಚೂರು ತುಂಬುತ್ತಾರೆ. ಗಾಯ ಚಿಕ್ಕದು ನಿಜ, ಆದರೆ ಡ್ರಿಲ್ ಮಾಡಿದ ಮೂಳೆ ಕೆಲವು ವಾರ ಬಲಹೀನ. ಸುಮಾರು ಆರು ವಾರ ವಾಕರ್ ಅಥವಾ ಊರುಗೋಲಿನ ಮೇಲೆ ಭಾರ ಬಿಡಬೇಕು. ನೋವು ಹೋಯಿತು ಅಂತ ಕೋಲು ಎಸೆದು ನಡೆದರೆ ಆ ಜಾಗದಲ್ಲೇ ಮೂಳೆ ಮುರಿಯಬಹುದು. ಎಲ್ಲರಿಗೂ ಇದು ಫಲಿಸುವುದಿಲ್ಲ. ಸತ್ತ ಭಾಗ ಚಿಕ್ಕದಿದ್ದಷ್ಟೂ ಒಳ್ಳೆಯದು.

ಮೂರನೆಯದು ಚಿಕ್ಕ ಗಾಯದ ಕೀಲು ಬದಲಾವಣೆ. ಹಳೆಯ ವಿಧಾನದಲ್ಲಿ ಗಾಯ ಸುಮಾರು 20 ಸೆಂ.ಮೀ. ಇರುತ್ತಿತ್ತು, ಇದರಲ್ಲಿ 8ರಿಂದ 12 ಸೆಂ.ಮೀ. ಒಳಗೆ ಕೂರಿಸುವ ಕೀಲು ಅದೇ. ಚರ್ಮದ ಗೆರೆ ಗಿಡ್ಡ ಆಗುವುದಕ್ಕಿಂತ ಒಳಗೆ ಸ್ನಾಯು ಎಷ್ಟು ಉಳಿಯಿತು ಅನ್ನೋದು ಮುಖ್ಯ. ಮುಂಭಾಗದಿಂದ ಹೋಗುವ ದಾರಿಯಲ್ಲಿ ಎರಡು ಸ್ನಾಯುಗಳ ನಡುವೆ ಜಾಗ ಮಾಡಿಕೊಂಡು, ಕತ್ತರಿಸದೆ ಕೀಲು ತಲುಪುತ್ತಾರೆ. ಮೊದಲ ಕೆಲವು ವಾರ ನಡಿಗೆ ಬೇಗ ಸುಧಾರಿಸುತ್ತದೆ. ತೊಡೆಯ ಹೊರಭಾಗ ಜೋಮು ಹಿಡಿಯುವ ಸಾಧ್ಯತೆ ಇದರಲ್ಲಿ ಜಾಸ್ತಿ. ಹೊಟ್ಟೆ ದೊಡ್ಡದಿದ್ದವರಿಗೆ ಮಡಿಕೆಯ ಕೆಳಗೆ ಗಾಯ ಒಣಗುವುದು ತಡ. ಹಿಂಭಾಗದಿಂದ ಮಾಡುವುದೂ ಒಳ್ಳೆಯ, ಪಳಗಿದ ದಾರಿಯೇ. ಆರು ತಿಂಗಳ ಹೊತ್ತಿಗೆ ಎರಡೂ ಬಗೆಯವರ ನಡಿಗೆಯಲ್ಲಿ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ ದಾರಿ ಯಾವುದು ಅನ್ನುವುದಕ್ಕಿಂತ, ಆ ಡಾಕ್ಟರು ಆ ದಾರಿಯಲ್ಲಿ ಎಷ್ಟು ಸಲ ನಡೆದಿದ್ದಾರೆ ಅನ್ನುವುದನ್ನು ನೋಡಿ. ಚಿಕ್ಕ ಗಾಯದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಅನುಭವವೇ ಅಲ್ಲಿ ಕಣ್ಣು.

ಎಷ್ಟು ವರ್ಷ ಬಾಳುತ್ತದೆ? ಹಲವು ದೇಶಗಳ ದಾಖಲೆ ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, ಬದಲಿಸಿದ ಸೊಂಟದ ಕೀಲುಗಳಲ್ಲಿ ಸುಮಾರು 58% 25 ವರ್ಷ ಬಾಳುತ್ತವೆ ಅಂತ ಬಂತು.

5. ಡಾಕ್ಟರ ಹತ್ತಿರ ಕೇಳಿ, ಬರೆದುಕೊಳ್ಳಿ

ನಾನು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು ಹೋಗಿದ್ದೆ. ಕಾಯಿಲೆ ಯಾವ ಹಂತದಲ್ಲಿದೆ? ಈ ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಇದನ್ನೇ ನೀವು ವರ್ಷಕ್ಕೆ ಎಷ್ಟು ಮಾಡ್ತೀರ? ಒಳಗೆ ಹೋದ ಮೇಲೆ ಗಾಯ ದೊಡ್ಡದು ಮಾಡಬೇಕಾಗಿ ಬಂದರೆ ಮಾಡ್ತೀರ ತಾನೆ? ಕೊನೆಯ ಪ್ರಶ್ನೆಗೆ ಒಳ್ಳೆಯ ಡಾಕ್ಟರು ತಡವರಿಸದೆ "ಹೌದು" ಅನ್ನುತ್ತಾರೆ. ಸೋಂಕು, ಕೀಲು ಜಾರುವುದು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದು, ಕಾಲಿನ ಉದ್ದದಲ್ಲಿ ವ್ಯತ್ಯಾಸ, ಇವೆಲ್ಲ ಸಣ್ಣ ಗಾಯದಲ್ಲೂ ಆಗಬಹುದು. ಗಾಯ ಚಿಕ್ಕದಾದರೆ ಅಪಾಯವೇ ಇಲ್ಲ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ.

6. ದುಡ್ಡು, ಕಾಗದ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ತರಬೇಕು. ನೇರವಾಗಿ ಖಾಸಗಿಗೆ ಸೇರಿ ಆಮೇಲೆ ಕಾರ್ಡ್ ತೋರಿಸಿ ಪರದಾಡಿದವರನ್ನು ನೋಡಿದ್ದೇನೆ. ಆಸ್ಪತ್ರೆಯಲ್ಲಿ ಈ ಯೋಜನೆಯವರಿಗೆ ನೆರವಾಗಲು ಇರುವ ಆರೋಗ್ಯಮಿತ್ರರನ್ನು ಮೊದಲೇ ಕಂಡು, ನಿಮಗೆ ಬರೆದುಕೊಟ್ಟ ಆಪರೇಷನ್ ಹೆಸರು ಹೇಳಿ ವಿಚಾರಿಸಿ. ಬೆಂಗಳೂರಿಗೆ ಹೋಗುವವರಿಗೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಖಾಸಗಿಯಲ್ಲಾದರೆ ಕೀಲಿನ ದರ ಬೇರೆ, ಆಪರೇಷನ್ ದರ ಬೇರೆ ಬರೆಸಿಕೊಳ್ಳಿ.

7. ಹೋಗುವ ಮೊದಲು ಮನೆ ಸಿದ್ಧ ಮಾಡಿ

ನಮ್ಮ ಮನೆಗಳು ನೆಲಕ್ಕೆ ಹತ್ತಿರ. ಕೂರುವುದು, ಉಣ್ಣುವುದು, ಬಟ್ಟೆ ಒಗೆಯುವುದು ಎಲ್ಲ ಕೆಳಗೆ. ಕೀಲು ಬದಲಿಸಿದವರಿಗೆ ಅದೇ ಮೊದಲ ತೊಂದರೆ. ಕುರ್ಚಿ, ಮಂಚ ಮಂಡಿಗಿಂತ ಎತ್ತರ ಇರಬೇಕು. ನಾವು ಮಂಚದ ಕಾಲಿಗೆ ಮರದ ಗಟ್ಟಿ ಕೊಟ್ಟೆವು. ಹಳೇ ಪಾಯಖಾನೆ ಮೇಲೆ ಇಡುವ ಕಮೋಡ್ ಕುರ್ಚಿ ಔಷಧಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ. ಕಾಲೊರೆಸುವ ಬಟ್ಟೆ, ಸರಿದಾಡುವ ಚಾಪೆ ತೆಗೆದುಬಿಡಿ.

ಸಕ್ಕರೆ ಹತೋಟಿಗೆ ತನ್ನಿ. ಬೀಡಿ, ಸಿಗರೇಟು ನಿಲ್ಲಿಸಿ. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಉರಿ ಇದ್ದರೆ ಮೊದಲು ಅದನ್ನು ವಾಸಿ ಮಾಡಿಸಿ, ಅಲ್ಲಿಂದ ಸೋಂಕು ಹೊಸ ಕೀಲಿಗೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಏನಿದ್ದರೂ ಮುಚ್ಚಿಡದೆ ಹೇಳಿ.

8. ಆಪರೇಷನ್ ಆದ ಮೇಲೆ

ಅಣ್ಣನಿಗೆ ಒಂದೇ ಸಲ ಮತ್ತು ಬರಿಸಿ ಎರಡೂ ಮಾಡಿದರು. ಎಡಕ್ಕೆ ಹಿಂಭಾಗದಿಂದ ಹೊಸ ಕೀಲು, ಬಲಕ್ಕೆ ಡ್ರಿಲ್. ಮಾರನೇ ದಿನ ವಾಕರ್ ಹಿಡಿದು ನಿಲ್ಲಿಸಿದರು. ಅವನು ಅಂದದ್ದು, "ತಂಗಿ, ಗಾಯ ನೋಯ್ತಿದೆ ಕಣೇ, ಆದ್ರೆ ಆ ಹಳೇ ನೋವಿಲ್ಲ." ಬದಲಿಸಿದ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದಿತ್ತು, ತೂತು ಮಾಡಿದ ಕಾಲಿನ ಮೇಲೆ ಹಾಕುವಂತಿರಲಿಲ್ಲ. ದೊಡ್ಡ ಆಪರೇಷನ್ ಆದ ಕಾಲೇ ಗಟ್ಟಿ, ಚಿಕ್ಕ ಆಪರೇಷನ್ ಆದ ಕಾಲೇ ಜೋಪಾನ. ನೋಡೋಕೆ ಬಂದವರಿಗೆಲ್ಲ ಇದನ್ನು ಅರ್ಥ ಮಾಡಿಸುವುದೇ ನನ್ನ ಕೆಲಸವಾಗಿತ್ತು.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮಲಗಿದ್ದಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನವೂ ತಗೊಳ್ಳಿ. ಹಿಂಭಾಗದಿಂದ ಕೀಲು ಬದಲಿಸಿದವರು ಡಾಕ್ಟರು ಹೇಳುವವರೆಗೆ ಮಣೆ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ಚಪ್ಪಲಿ ತೆಗೆದುಕೊಳ್ಳಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಮಗ್ಗುಲಾಗುವಾಗ ಎರಡು ಕಾಲಿನ ನಡುವೆ ದಿಂಬು ಇರಲಿ. ಕೀಹೋಲ್ ಆದವರಿಗೆ ಒಳಗೆ ಏನು ಹೊಲಿದಿದ್ದಾರೆ ಅನ್ನೋದರ ಮೇಲೆ ಎರಡರಿಂದ ಆರು ವಾರ ಊರುಗೋಲು. ಕಾಲು ಎಳೆದಿದ್ದರಿಂದ ಜನನಾಂಗದ ಸುತ್ತ ಅಥವಾ ಪಾದದಲ್ಲಿ ಜೋಮು ಇದ್ದರೆ ನಾಚಿಕೆ ಪಡದೆ ಹೇಳಿ. ಹೆಚ್ಚಾಗಿ ತಾನಾಗೇ ಹೋಗುತ್ತದೆ, ಆದರೆ ಡಾಕ್ಟರಿಗೆ ಗೊತ್ತಿರಬೇಕು.

ತಕ್ಷಣ ಹೋಗಬೇಕಾದದ್ದು: ಮೀನಖಂಡ ಊದಿ ಬಿಗಿದು ನೋವಾದರೆ, ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ. ಗಾಯದಿಂದ ಕೀವು ಅಥವಾ ನಿಲ್ಲದ ಒಸರು ಬಂದರೆ, ಜ್ವರ ಬಂದರೆ. ಏನೋ ಕಳಕ್ ಅಂದ ಹಾಗಾಗಿ ಕಾಲು ಗಿಡ್ಡವಾಗಿ ಕಂಡರೆ. ಗಾಯಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ, ಅಜ್ಜಿ ಬೈದರೂ ಸರಿ.

9. ಸ್ಟಿಕ್ಕರ್ ಜೋಪಾನ

ಒಳಗೆ ಕೂರಿಸಿದ ಕೀಲಿನ ಪೆಟ್ಟಿಗೆಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಿ ಅಂತ ಕೇಳಿ ಪಡೆಯಿರಿ. ಲೋಹಕ್ಕೆ ಲೋಹ ಉಜ್ಜುವ ಒಂದು ಬಗೆಯ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಬೇಕಾಯಿತು. ನಮ್ಮ ದೇಶದಲ್ಲೂ ಸಾವಿರಾರು ಜನರಿಗೆ ಅದನ್ನು ಹಾಕಿದ್ದರು. ತಮ್ಮೊಳಗೆ ಯಾವ ಕೀಲು ಇದೆ ಅನ್ನುವುದಕ್ಕೆ ಕಾಗದ ಇಟ್ಟುಕೊಂಡವರಿಗೆ ಮಾತ್ರ ತಾವು ಆ ಪಟ್ಟಿಯಲ್ಲಿ ಇದ್ದೀವಾ ಇಲ್ಲವಾ ಅಂತ ಸುಲಭವಾಗಿ ತಿಳಿಯುತ್ತಿತ್ತು. ಅಣ್ಣನ ಸ್ಟಿಕ್ಕರಿನ ಫೋಟೋ ಅತ್ತಿಗೆಯ ಫೋನಿನಲ್ಲೂ ಇದೆ, ನನ್ನ ಫೋನಿನಲ್ಲೂ ಇದೆ.

ಅವನ ಬಲಗೀಲಿನ ಚಿತ್ರವನ್ನು ಈಗಲೂ ಆಗಾಗ ತೆಗೆಸುತ್ತೇವೆ. ಹೋಗುವಾಗ ಹಳೆಯ ಚಿತ್ರಗಳನ್ನೆಲ್ಲ ದಿನಾಂಕದ ಸಾಲಿನಲ್ಲಿ ಜೋಡಿಸಿ ತಗೊಂಡು ಹೋಗಿ. ಡಾಕ್ಟರು ಎರಡು ಚಿತ್ರ ಪಕ್ಕಪಕ್ಕ ಇಟ್ಟು ಗುಂಡಿನ ಗೆರೆ ಮೊದಲಿನಷ್ಟೇ ದುಂಡಗಿದೆಯಾ ಅಂತ ನೋಡುತ್ತಾರೆ. ಹೋದ ಸಲ ಹಾಗೇ ಇತ್ತು.